ಕಾದಂಬರಿಯೂ ಬೆಳ್ಳಿಯ ತೆರೆಯೂ

ಒಳ್ಳೆಯ ಕಾದಂಬರಿಯೊಂದು ಸಿನಿಮಾ ಆಯಿತೆಂದೊಡನೆ ನಮ್ಮಲ್ಲಿ ಎರಡು ಪಕ್ಷಗಳು ಏಳುವುದುಂಟು. ಪುಸ್ತಕವನ್ನು ಮೊದಲೇ ಓದಿದವರು "ಅಯ್ಯೋ, ಕೆಡಿಸಿಬಿಟ್ಟರು!" ಎಂದು ಹಣೆ ಚಚ್ಚಿಕೊಳ್ಳುತ್ತಾರೆ. ಓದದವರು "ಅದು ಪುಸ್ತಕ, ಇದು ಸಿನಿಮಾ, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದೇಕೆ?" ಎಂದು ವಾದಿಸುತ್ತಾರೆ. ಹಾಸ್ಟೆಲಿನ ಊಟದ ಮನೆಯಲ್ಲಿ ಈ ಚರ್ಚೆ ಆರಂಭವಾಯಿತೆಂದರೆ ಸಾರು ಆರಿ ತಣ್ಣಗಾದರೂ ಮುಗಿಯುವುದಿಲ್ಲ. ನಾನು ಈ ಎರಡರಲ್ಲಿ ಯಾವ ಪಕ್ಷಕ್ಕೂ ಪೂರ್ತಿಯಾಗಿ ಸೇರಿದವನಲ್ಲ. ಮೂಲದಲ್ಲಿದ್ದುದೆಲ್ಲವೂ ತೆರೆಯ ಮೇಲೆ ಬರಬೇಕೆಂಬುದು ಹಠ. ಏನು ಬೇಕಾದರೂ ಬದಲಾಯಿಸಬಹುದೆಂಬುದು ಉಡಾಫೆ. ಬಿಡುವ ಹಕ್ಕು ನಿರ್ದೇಶಕನಿಗೆ ಧಾರಾಳವಾಗಿ ಇದೆ. ಆದರೆ ಕಾದಂಬರಿಕಾರನು ಬೇಕೆಂದೇ ಉತ್ತರಿಸದೆ ಬಿಟ್ಟ ಪ್ರಶ್ನೆಗೆ ತಾನೇ ಒಂದು ಉತ್ತರವನ್ನು ಬರೆದು, ಅದನ್ನು ಆತನ ಹೆಸರಿನಲ್ಲಿ ಜನರ ಮುಂದಿಡುವ ಹಕ್ಕು ಅವನಿಗಿಲ್ಲ. ಇದಿಷ್ಟೇ ನಾನು ಹೇಳಬೇಕೆಂದಿರುವುದು.

ಬಿಡುವ ಹಕ್ಕಿನ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಕುವೆಂಪು ಅವರ 'ಕಾನೂರು ಹೆಗ್ಗಡಿತಿ' ಪ್ರಕಟವಾದುದು ೧೯೩೬ರಲ್ಲಿ. ಗಿರೀಶ ಕಾರ್ನಾಡರು ಅದನ್ನು ತೆರೆಗೆ ತಂದುದು ೧೯೯೯ರಲ್ಲಿ. ನಾವು ಹತ್ತು ಹನ್ನೆರಡು ದಿನ ಕೂತು ಓದುವ ಆ ಮಹಾಗ್ರಂಥದ ಕಾಡು, ಮಳೆ, ಬೇಟೆ, ನಾಯಿ, ಆಳುಕಾಳುಗಳೆಲ್ಲವನ್ನೂ ಎರಡು ಎರಡೂವರೆ ಗಂಟೆಗಳಲ್ಲಿ ತುಂಬಿಸುತ್ತೇನೆಂದು ಹೊರಟರೆ ಬ್ರಹ್ಮನಿಗೂ ಸಾಧ್ಯವಾಗದು. ಅಲ್ಲಿ ಏನು ಬಿಟ್ಟರೆಂದು ಲೆಕ್ಕ ಹಾಕುತ್ತ ಕೂರುವುದು ಸಹೃದಯರಿಗೆ ತಕ್ಕುದಲ್ಲ.

ಬದಲಾಯಿಸುವ ಪ್ರಶ್ನೆ ಹಾಗಲ್ಲ. ಇಲ್ಲಿ ಪ್ರತಿಪಕ್ಷದವರು ತಪ್ಪದೆ ಪಂಪನನ್ನು ಎಳೆದು ತರುತ್ತಾರೆ, ತರಬೇಕಾದುದೂ ನ್ಯಾಯವೇ. ಹತ್ತನೆಯ ಶತಮಾನದಲ್ಲಿ, ಕ್ರಿ.ಶ. ೯೪೧ರ ಸುಮಾರಿನಲ್ಲಿ, ಪಂಪ ಕನ್ನಡದಲ್ಲಿ ಭಾರತವನ್ನು ಹೇಳುವಾಗ ಐವರ ಹೆಂಡತಿಯಾಗಿದ್ದ ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಮದುವೆ ಮಾಡಿಸಿದ. ತನ್ನ ದೊರೆ ಅರಿಕೇಸರಿಯನ್ನು ಅರ್ಜುನನಲ್ಲಿ ಕಂಡುದರಿಂದ, ಯುದ್ಧವೆಲ್ಲ ಮುಗಿದ ಮೇಲೆ ಪಟ್ಟವನ್ನೂ ಅರ್ಜುನನಿಗೇ ಕಟ್ಟಿಸಿ, ಪಕ್ಕದಲ್ಲಿ ಸುಭದ್ರೆಯನ್ನು ಕೂರಿಸಿದ. ವ್ಯಾಸರ ಕಥೆಯನ್ನೇ ಇಷ್ಟು ತಿರುಗಿಸಿದವನನ್ನು ಆದಿಕವಿಯೆಂದು ತಲೆಯ ಮೇಲೆ ಹೊತ್ತ ನಾವು, ಪಾಪ, ಸಿನಿಮಾದವರ ಮೇಲೆ ಮಾತ್ರ ಏಕೆ ಹರಿಹಾಯಬೇಕು ಎಂಬುದು ಅವರ ವಾದ. (ಒಂದು ಎಳೆ ಎಳೆದರೆ ಬಟ್ಟೆಯೆಲ್ಲ ಸುಕ್ಕಾಗುತ್ತದೆ ಎಂಬುದಕ್ಕೂ ಪಂಪನೇ ಉದಾಹರಣೆ. ದ್ರೌಪದಿ ಅರ್ಜುನನ ಮಡದಿಯಾದ ಮೇಲೂ ಅವಳ ಮುಡಿಗಾಗಿ ಪ್ರತಿಜ್ಞೆ ಮಾಡಿ ನೆರವೇರಿಸುವವನು ಭೀಮನೇ! ವಿದ್ವಾಂಸರು ಇದನ್ನು ಬಹಳ ಹಿಂದೆಯೇ ತೋರಿಸಿಕೊಟ್ಟಿದ್ದಾರೆ.)

ಆದರೆ ಒಂದು ಮುಖ್ಯವಾದ ವ್ಯತ್ಯಾಸವನ್ನು ಈ ಮಿತ್ರರು ಮರೆಯುತ್ತಾರೆ. ಪಂಪನ ಮುಂದೆ ಕುಳಿತ ಸಭೆಗೆ ಭಾರತದ ಕಥೆ ಮೊದಲೇ ಗೊತ್ತಿತ್ತು. ಕವಿ ಎಲ್ಲಿ ದಾರಿ ಬಿಟ್ಟ, ಏಕೆ ಬಿಟ್ಟ ಎಂಬುದು ಕೇಳುಗರಿಗೆ ಒಡನೆಯೇ ಕಾಣುತ್ತಿತ್ತು. ಆ ಬದಲಾವಣೆಯ ಸ್ವಾರಸ್ಯವೇ ಕಾವ್ಯದ ಸ್ವಾರಸ್ಯದ ಒಂದು ಭಾಗವಾಗಿತ್ತು. ಇಂದು ಚಿತ್ರಮಂದಿರದಲ್ಲಿ ಕೂತವರಲ್ಲಿ, ಇಲ್ಲವೇ ಮೊಬೈಲನ್ನು ಅಂಗೈಯಲ್ಲಿ ಹಿಡಿದು ಹಳೆಯ ಚಿತ್ರ ನೋಡುವವರಲ್ಲಿ, ಮೂಲ ಕಾದಂಬರಿಯನ್ನು ಓದಿದವರೆಷ್ಟು ಮಂದಿ? ಅವರ ಪಾಲಿಗೆ ಬದಲಾವಣೆಯು ಬದಲಾವಣೆಯಾಗಿ ಕಾಣುವುದಿಲ್ಲ. ಅದೇ ಮೂಲವಾಗಿಬಿಡುತ್ತದೆ. ಓದಿದವರು ಹೆಚ್ಚಾಗಿದ್ದಷ್ಟೂ ನಿರ್ದೇಶಕನಿಗೆ ಸ್ವಾತಂತ್ರ್ಯ ಹೆಚ್ಚು. ಓದಿದವರು ಕಡಿಮೆಯಾದಷ್ಟೂ ಅವನ ಹೊಣೆ ಹೆಚ್ಚು. ನಮ್ಮಂತಹ ಕಾಲೇಜುಗಳಿಗೆ ಬರುವ ಎಷ್ಟೋ ವಿದ್ಯಾರ್ಥಿಗಳ ಮನೆಯಲ್ಲಿ ಪಠ್ಯಪುಸ್ತಕದ ಹೊರತು ಬೇರೊಂದು ಪುಸ್ತಕವಿರುವುದಿಲ್ಲ. ಅವರಿಗೆ ಸಿನಿಮಾವೇ ಕಾದಂಬರಿಯ ಮೊದಲನೆಯ ಪ್ರತಿ, ಅನೇಕ ವೇಳೆ ಕೊನೆಯ ಪ್ರತಿ.

ಆರ್. ಕೆ. ನಾರಾಯಣರ 'ದಿ ಗೈಡ್' ಇದಕ್ಕೆ ಬಹಳ ಒಳ್ಳೆಯ ಉದಾಹರಣೆ. ಮೈಸೂರಿನಲ್ಲಿ ಬಾಳಿದ ಈ ಲೇಖಕರ ಕಾದಂಬರಿ ೧೯೫೮ರಲ್ಲಿ ಬಂದಿತು; ೧೯೬೦ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನೂ ಪಡೆಯಿತು. ಮಾಲ್ಗುಡಿ ರೈಲು ನಿಲ್ದಾಣದ ಗೈಡು ರಾಜು, ಜೈಲಿನಿಂದ ಹೊರಬಂದು ಹಾಳು ಗುಡಿಯೊಂದರ ಬಳಿ ಕೂತಿದ್ದಾಗ ಹಳ್ಳಿಗರು ಅವನನ್ನು ಮಹಾತ್ಮನೆಂದು ಭ್ರಮಿಸುತ್ತಾರೆ. ಬರಗಾಲ ಬರುತ್ತದೆ. ಬಾಯಿ ತಪ್ಪಿ ಆಡಿದ ಮಾತು ಜನರ ಬಾಯಲ್ಲಿ ಬೆಳೆದು, ಮಳೆಗಾಗಿ ಹನ್ನೆರಡು ದಿನ ಉಪವಾಸ ಮಾಡಬೇಕಾದ ಪ್ರಸಂಗ ಅವನಿಗೆ ಒದಗುತ್ತದೆ. ಮೋಸಗಾರ ನಿಜವಾಗಿಯೇ ಸಂತನಾದನೆ? ಮಳೆ ಬಂದಿತೆ? ಕೊನೆಯ ಪುಟದಲ್ಲಿ ಅವನನ್ನು ನದಿಯ ನೀರಿಗೆ ಇಳಿಸುತ್ತಾರೆ. ದೂರದ ಬೆಟ್ಟಗಳಲ್ಲಿ ಮಳೆಯಾಗುತ್ತಿರುವುದು ತನಗೆ ತಿಳಿಯುತ್ತಿದೆಯೆಂದು ಹೇಳಿ ಅವನು ಕುಸಿಯುತ್ತಾನೆ. ಲೇಖಕರು ಅಲ್ಲಿಗೆ ನಿಲ್ಲಿಸುತ್ತಾರೆ. ಅದು ಹಸಿದವನ ಭ್ರಮೆಯೋ, ದೇವರ ದಯೆಯೋ ಎಂಬುದನ್ನು ಓದುಗನೇ ಹೊತ್ತುಕೊಂಡು ಮನೆಗೆ ಹೋಗಬೇಕು. ಆ ಭಾರವೇ ಕಾದಂಬರಿಯ ಪ್ರಾಣ.

೧೯೬೫ರಲ್ಲಿ ತೆರೆಗೆ ಬಂದ, ವಿಜಯ ಆನಂದ್ ನಿರ್ದೇಶಿಸಿದ ಹಿಂದೀ ಚಿತ್ರದಲ್ಲಿ ಮಳೆ ಧೋ ಎಂದು ಸುರಿಯುತ್ತದೆ. ಜನ ಕುಣಿಯುತ್ತಾರೆ, ರಾಜು ದಿವ್ಯಪುರುಷನಾಗಿ ಕಣ್ಣು ಮುಚ್ಚುತ್ತಾನೆ. ಇನ್ನೊಂದು ಬದಲಾವಣೆಯನ್ನೂ ಗಮನಿಸಬೇಕು. ಕಾದಂಬರಿಯಲ್ಲಿ ರೋಸಿಯ ಸಂಬಂಧ ತಿಳಿದ ಮೇಲೆ ಗಂಡನೇ ಅವಳನ್ನು ನಿಲ್ದಾಣದಲ್ಲಿ ಬಿಟ್ಟು ರೈಲು ಹತ್ತಿ ಹೊರಟುಹೋಗುತ್ತಾನೆ. ಚಿತ್ರದಲ್ಲಿ ಗಂಡನ ದೋಷವನ್ನು ಎತ್ತಿ ತೋರಿಸಿ, ಅವಳೇ ಅವನನ್ನು ಬಿಟ್ಟುಬರುವಂತೆ ಮಾಡಿದ್ದಾರೆ. ಪ್ರೇಕ್ಷಕನ ಮನಸ್ಸಿಗೆ ಮುಜುಗರವಾಗಬಾರದಲ್ಲ! ನಾರಾಯಣರು ಚಿತ್ರದವರಿಗೆ ಮೈಸೂರಿನ ಸುತ್ತಮುತ್ತಲ ಸ್ಥಳಗಳನ್ನೆಲ್ಲ ತೋರಿಸಿದ್ದರು. ಅವರಾದರೋ ಮಾಲ್ಗುಡಿಯನ್ನು ಬಿಟ್ಟು ರಾಜಸ್ಥಾನದ ಉದಯಪುರಕ್ಕೆ ನಡೆದರು. ಈ ಅನುಭವವನ್ನು ಕುರಿತು ನಾರಾಯಣರು ಬರೆದ ವಿನೋದದ ಪ್ರಬಂಧದ ಹೆಸರೇ 'ದಾರಿ ತಪ್ಪಿದ ಗೈಡ್' ಎಂಬರ್ಥದ್ದು.

ಚಿತ್ರ ಚೆನ್ನಾಗಿಲ್ಲವೆಂದು ನಾನು ಹೇಳುತ್ತಿಲ್ಲ. ವಹೀದಾ ರೆಹಮಾನರ ನೃತ್ಯ, ಸಚಿನ್ ದೇವ ಬರ್ಮನ್ನರ ಸಂಗೀತ ಯಾರಿಗೆ ಬೇಡ? ನನ್ನ ದೂರು ಬೇರೆ. ಚಿತ್ರವನ್ನು ಮಾತ್ರ ನೋಡಿದ್ದ ಸಹಪಾಠಿಯೊಬ್ಬನೊಡನೆ ಈ ವಿಷಯ ಮಾತನಾಡುತ್ತ, ಮಳೆ ಬಂದಿತೋ ಇಲ್ಲವೋ ಎಂಬುದನ್ನು ಪುಸ್ತಕ ಹೇಳುವುದಿಲ್ಲ ಎಂದೆ. ಅವನು ಸ್ವಲ್ಪ ಹೊತ್ತು ಯೋಚಿಸಿ, "ಹಾಗಾದರೆ ಪುಸ್ತಕ ಅಪೂರ್ಣವಾಗಿದೆ ಕಣಯ್ಯಾ" ಎಂದ. ಕಾದಂಬರಿಯ ಹಿರಿಮೆಯೇ ಅದರ ಕೊರತೆಯಾಗಿ ಕಾಣುವಂತಾಯಿತಲ್ಲ, ಇದಕ್ಕಿಂತ ದೊಡ್ಡ ನಷ್ಟವನ್ನು ನಾನು ಕಾಣೆ.

ಸ್ಥಳ ಬದಲಾದುದೇ ಅಪರಾಧವೆಂದು ಯಾರೂ ತಿಳಿಯಬಾರದು. ಶಂಕರ್ ನಾಗ್ ೧೯೮೬ರ ಸುಮಾರಿಗೆ ದೂರದರ್ಶನಕ್ಕಾಗಿ 'ಮಾಲ್ಗುಡಿ ಡೇಸ್' ಮಾಡಿದಾಗ ಆರಿಸಿಕೊಂಡದ್ದು ಆಗುಂಬೆಯನ್ನು. ಮಳೆಗೆ ಹೆಸರಾದ ಆ ಮಲೆನಾಡಿನ ಊರಿಗೂ ನಾರಾಯಣರ ಬಯಲುಸೀಮೆಯ ಪೇಟೆಗೂ ಎಲ್ಲಿಯ ಹೋಲಿಕೆ? ಆದರೂ ಸ್ವಾಮಿ ಎಂಬ ಆ ಹುಡುಗನ ಭಯ, ಸುಳ್ಳು, ಗೆಳೆತನ, ಅಪ್ಪನ ಕೋಣೆಯ ಎದುರಿನ ಅಳುಕು ಇವಾವುದನ್ನೂ ಅವರು ಕೈಬಿಡಲಿಲ್ಲ. ಸಣ್ಣದನ್ನು ಸಣ್ಣದಾಗಿಯೇ ಇರಗೊಟ್ಟರು. ಶಿವಮೊಗ್ಗದ ಕಡೆಯ ಅರಸಾಳು ನಿಲ್ದಾಣದಲ್ಲಿ ೨೦೨೦ರಲ್ಲಿ ಮಾಲ್ಗುಡಿಯ ಹೆಸರಿನ ವಸ್ತುಸಂಗ್ರಹಾಲಯವೇ ಆಗಿದೆ. ಇಲ್ಲದ ಊರಿಗೆ ಒಂದು ನಿಲ್ದಾಣ ಸಿಕ್ಕಿತು!

೧೯೫೨ರ 'ದಿ ಫೈನಾನ್ಶಿಯಲ್ ಎಕ್ಸ್‌ಪರ್ಟ್' ಕಾದಂಬರಿಯಿಂದ ಟಿ. ಎಸ್. ನಾಗಾಭರಣ ೧೯೮೩ರಲ್ಲಿ ಮಾಡಿದ 'ಬ್ಯಾಂಕರ್ ಮಾರ್ಗಯ್ಯ'ವನ್ನು ನೋಡಿದವರಿಗೆ ಇನ್ನೊಂದು ವಿಶೇಷ ತಿಳಿದೀತು. ಸಹಕಾರಿ ಬ್ಯಾಂಕಿನ ಎದುರು ಆಲದ ಮರದ ನೆರಳಿನಲ್ಲಿ ತಗಡಿನ ಪೆಟ್ಟಿಗೆ ಇಟ್ಟುಕೊಂಡು ರೈತರಿಗೆ ಸಾಲದ ದಾರಿ ಹೇಳುವ ಮಾರ್ಗಯ್ಯ ಪುಸ್ತಕದಲ್ಲಿ ಇಂಗ್ಲಿಷ್ ಆಡುತ್ತಾನೆ. ಅಂತಹ ಮನುಷ್ಯ ಇಂಗ್ಲಿಷಿನಲ್ಲಿ ಚೌಕಾಸಿ ಮಾಡಿಯಾನೆ? ಲೋಕೇಶರ ಬಾಯಲ್ಲಿ ಅವನು ಕನ್ನಡ ಆಡಿದಾಗ, ಮೂಲಕ್ಕಿಂತ ಇದೇ ಮೂಲವೇನೋ ಎನ್ನಿಸಿತು. ಅಕ್ಷರಕ್ಕೆ ನಿಷ್ಠೆ ತೋರುವುದಾದರೆ ಈ ಭಾಗ್ಯ ನಮಗೆ ದಕ್ಕುತ್ತಿರಲಿಲ್ಲ.

ಹಾಗಾದರೆ ಲೇಖಕ ಒಪ್ಪಿದರೆ ಸರಿ, ಒಪ್ಪದಿದ್ದರೆ ತಪ್ಪು ಎನ್ನೋಣವೆ? ಅದೂ ಸುಲಭವಲ್ಲ. ತ. ರಾ. ಸುಬ್ಬರಾಯರ ಮೂರು ಕಾದಂಬರಿಗಳನ್ನು ಒಂದುಗೂಡಿಸಿ ಪುಟ್ಟಣ್ಣ ಕಣಗಾಲ್ ೧೯೭೨ರಲ್ಲಿ 'ನಾಗರಹಾವು' ಚಿತ್ರವನ್ನು ಮಾಡಿದರು. ನನ್ನ ನಾಗರಹಾವನ್ನು ಕೇರೆಹಾವು ಮಾಡಿದರೆಂದು ತ.ರಾ.ಸು. ನೊಂದು ನುಡಿದರೆಂಬ ಮಾತು ಇಂದಿಗೂ ಜನರ ಬಾಯಲ್ಲಿದೆ. ಅವರ ಹಾವಿನಲ್ಲಿ ಎಷ್ಟು ವಿಷವಿತ್ತೆಂಬುದು ಅವರಿಗಲ್ಲದೆ ಇನ್ನಾರಿಗೆ ಗೊತ್ತು? ಆದರೂ ಆ ಹಿರಿಯರ ಮೇಲಿನ ಗೌರವಕ್ಕೆ ಚ್ಯುತಿಯಿಲ್ಲದಂತೆ ನಾನು ಪುಟ್ಟಣ್ಣನವರ ಪಕ್ಷ ವಹಿಸುತ್ತೇನೆ. ಚಾಮಯ್ಯ ಮೇಷ್ಟ್ರ ಮಾತಿಗೆ ಕಟ್ಟುಬಿದ್ದು ರಾಮಾಚಾರಿ ಅಲಮೇಲುವನ್ನು ಬಿಟ್ಟುಕೊಡುತ್ತಾನೆ. ಪ್ರೀತಿಯಿಂದ ಹೇಳಿದ ಆ ಬುದ್ಧಿಮಾತೇ ಅವಳ ಬಾಳನ್ನು ಹಾಳುಮಾಡುತ್ತದೆ. ಮಾರ್ಗರೆಟ್‌ಳ ವಿಷಯದಲ್ಲಿ ಅದೇ ಮಾತು ಮತ್ತೆ ಬಂದಾಗ ಶಿಷ್ಯ ಒಪ್ಪುವುದಿಲ್ಲ. ಚಿತ್ರದುರ್ಗದ ಬಂಡೆಯ ಮೇಲಿಂದ ಗುರುವೂ ಬೀಳುತ್ತಾನೆ, ಶಿಷ್ಯನೂ ಬೀಳುತ್ತಾನೆ. ಗುರುವಿನ ಮಾತು ಸರಿಯಾಗಿತ್ತೆ? ಚಿತ್ರ ಉತ್ತರ ಕೊಡುವುದಿಲ್ಲ. ಕೆ. ಎಸ್. ಅಶ್ವತ್ಥರ ಚಾಮಯ್ಯನನ್ನು ಪ್ರೀತಿಸುತ್ತಲೇ, ಅವರು ತಪ್ಪಿದರೆಂದು ಒಳಗೊಳಗೆ ಅನ್ನಿಸುತ್ತಲೇ ಜನ ಎದ್ದುಬರುತ್ತಾರೆ. ಮೂರು ಪುಸ್ತಕಗಳಿಂದ ಎಷ್ಟು ಬಿಟ್ಟರೂ ಆ ಮುಳ್ಳನ್ನು ನಿರ್ದೇಶಕರು ಕೀಳಲಿಲ್ಲ. ಅಂದಿನಿಂದ ರಾಮಾಚಾರಿ ಎಂದರೆ ವಿಷ್ಣುವರ್ಧನರ ಮುಖವೇ ಕಣ್ಣಿಗೆ ಬರುತ್ತದೆ, ಓದುಗ ತಾನೇ ಕಲ್ಪಿಸಿಕೊಂಡಿದ್ದ ಮುಖ ಅಳಿಸಿಹೋಗುತ್ತದೆ, ನಿಜ. ಈ ಹಾನಿಯನ್ನು ಎಷ್ಟು ನಿಷ್ಠವಾದ ಚಿತ್ರವೂ ತಪ್ಪಿಸಲಾರದು.

ತ.ರಾ.ಸು. ಅವರಿಗಾದರೂ ಬದುಕಿದ್ದು ತಕರಾರು ಹೇಳುವ ಅವಕಾಶವಿತ್ತು. ತ್ರಿವೇಣಿಯವರು ತೀರಿಕೊಂಡುದು ೧೯೬೩ರಲ್ಲಿ. ಅವರ 'ಬೆಳ್ಳಿಮೋಡ' ಚಿತ್ರವಾದುದು ೧೯೬೭ರಲ್ಲಿ, 'ಶರಪಂಜರ' ೧೯೭೧ರಲ್ಲಿ. ಒಪ್ಪಿದೆ ಎನ್ನುವುದಕ್ಕಾಗಲಿ, ಇದು ನನ್ನ ಕಾವೇರಿಯಲ್ಲ ಎನ್ನುವುದಕ್ಕಾಗಲಿ ಆಕೆ ಇರಲಿಲ್ಲ. ಅಂತಹ ಕಡೆ ಆ ಮಾತನ್ನು ಆಡಬೇಕಾದವರು ಓದುಗರೇ. ಅದಕ್ಕೆ ಮೊದಲು ನಾವು ಓದಿರಬೇಕು.

ಸಿನಿಮಾದವರಲ್ಲಿ ನನ್ನದೊಂದು ಸಣ್ಣ ಬೇಡಿಕೆಯುಂಟು. ಪಂಪ ಅಷ್ಟೆಲ್ಲ ಬದಲಾಯಿಸಿದ ತನ್ನ ಕಾವ್ಯಕ್ಕೆ 'ವಿಕ್ರಮಾರ್ಜುನ ವಿಜಯ' ಎಂದು ಬೇರೆಯೇ ಹೆಸರನ್ನಿಟ್ಟ. ಕಥೆಯ ಕೊನೆಯನ್ನೇ ತಿರುಗಿಸುವ ನಿರ್ದೇಶಕರೂ ಅಷ್ಟು ಮಾಡಲಿ. ಹೆಸರನ್ನು ಬದಲಿಸಿ, ಇಂಥವರ ಕಾದಂಬರಿಯಿಂದ ಪ್ರೇರಿತ ಎಂದು ಕಾಣುವಂತೆ ಹಾಕಲಿ. 'ಗೈಡ್' ಚಿತ್ರಕ್ಕೆ ಬೇರೊಂದು ಹೆಸರಿದ್ದಿದ್ದರೆ ಬರ್ಮನ್ನರ ಒಂದು ಸ್ವರವೂ ಕಡಿಮೆಯಾಗುತ್ತಿರಲಿಲ್ಲ, ವಹೀದಾ ರೆಹಮಾನರ ಒಂದು ಹೆಜ್ಜೆಯೂ ತಪ್ಪುತ್ತಿರಲಿಲ್ಲ.