ಅಕೇಶಿಯಾಕ್ಕೆ ನಲವತ್ತು ವರ್ಷ, ಸಂತ್ರಸ್ತನಿಗೆ ಎಪ್ಪತ್ತೈದು

ಅರಣ್ಯವು ಉಳಿಯಬೇಕೆಂಬ ವಿಷಯದಲ್ಲಿ ಮಲೆನಾಡಿಗರಾದ ನಮ್ಮಲ್ಲಿ ಭಿನ್ನಾಭಿಪ್ರಾಯವಿಲ್ಲ. ಆದರೆ ಸಂರಕ್ಷಣೆಯ ಹೆಸರಿನಲ್ಲಿ ಎಳೆದ ಗೆರೆಯೊಳಗೆ ಯಾರ ಆಜ್ಞೆ ನಡೆಯತಕ್ಕದ್ದು, ಯಾರು ಬಾಳತಕ್ಕವರು ಎಂಬುದನ್ನು ಪ್ರಭುತ್ವವು ನಿರ್ಣಯಿಸುತ್ತ ಬಂದಿರುವ ಕ್ರಮವನ್ನು ಶಿವಮೊಗ್ಗ ಜಿಲ್ಲೆಯಲ್ಲಿ ಕಂಡವರು ಸುಮ್ಮನಿರಲಾರರು.

ನಾಡಿಗೆ ವಿದ್ಯುತ್ತು ಬೇಕೆಂದು ಲಿಂಗನಮಕ್ಕಿಯಲ್ಲಿ ಶರಾವತಿಗೆ ಅಡ್ಡಲಾಗಿ 1964ರಲ್ಲಿ ಅಣೆಕಟ್ಟೆಯನ್ನು ಪೂರೈಸಿದಾಗ, ಗದ್ದೆ ತೋಟಗಳನ್ನು ಕಳೆದುಕೊಂಡ ಕುಟುಂಬಗಳನ್ನು ಕಾಡಿನ ನಡುವೆ ನೆಲೆಗೊಳಿಸಿದ್ದು ಸರ್ಕಾರವೇ. ಆ ನೆಲೆಗಳಲ್ಲಿ ಕೆಲವು ಸೇರಿದಂತೆ ಶಿವಮೊಗ್ಗ ನಗರದ ಸಮೀಪದ ವಿಸ್ತಾರವಾದ ಪ್ರದೇಶವನ್ನು 1974ರಲ್ಲಿ ಶೆಟ್ಟಿಹಳ್ಳಿ ಅಭಯಾರಣ್ಯವೆಂದು ಸಾರಿದ್ದೂ ಸರ್ಕಾರವೇ. ಬೆಳಕಿಗಾಗಿ ಮನೆ ಮುಳುಗಿಸಿಕೊಂಡವರು ಅಂದಿನಿಂದ ವಿದ್ಯುತ್ ಕಂಬಕ್ಕೂ ಅರಣ್ಯ ಇಲಾಖೆಯ ಅಪ್ಪಣೆ ಬೇಡಬೇಕಾಯಿತು. ಸಂತ್ರಸ್ತರಿಗಾಗಿ ರಾಜ್ಯವು ಹೊರಡಿಸಿದ ಅರಣ್ಯ ಬಿಡುಗಡೆಯ ಅಧಿಸೂಚನೆಗಳು ಕೇಂದ್ರದ ಪೂರ್ವಾನುಮತಿಯಿಲ್ಲವೆಂದು 2021ರಲ್ಲಿ ಉಚ್ಚ ನ್ಯಾಯಾಲಯದಲ್ಲಿ ಬಿದ್ದುಹೋದವು. ಇನ್ನು 2006ರ ಅರಣ್ಯ ಹಕ್ಕು ಕಾಯಿದೆಯೋ, ಬುಡಕಟ್ಟಿನವರಲ್ಲದವರಿಂದ ಮೂರು ತಲೆಮಾರಿನ, ಎಂದರೆ 75 ವರ್ಷಗಳ ವಾಸದ ಆಧಾರವನ್ನು ಕೇಳುತ್ತದೆ. ಅರವತ್ತರ ದಶಕದಲ್ಲಿ ಬಂದವನು 1930ಕ್ಕಿಂತ ಹಿಂದಿನ ಪುರಾವೆಯನ್ನು ಎಲ್ಲಿಂದ ತಂದಾನು?

ಇತ್ತ ಭದ್ರಾವತಿಯ ಎಂಪಿಎಂ ಕಾಗದ ಕಾರ್ಖಾನೆಯ ಕಥೆಯನ್ನು ನೋಡಿ. ಅದರ ನೆಡುತೋಪುಗಳಿಗೆಂದು 1980ರಲ್ಲಿ ನಲವತ್ತು ವರ್ಷದ ಗುತ್ತಿಗೆಗೆ ಕೊಟ್ಟ ಅರಣ್ಯಭೂಮಿಯಲ್ಲಿ ಅಕೇಶಿಯಾ, ನೀಲಗಿರಿಗಳು ಬೆಳೆದವು. ಕಾರ್ಖಾನೆಯು 2015ರಲ್ಲಿ ನಿಂತಿತು. 2020ರಲ್ಲಿ ಅವಧಿಯೂ ತೀರಿತು. ‘ನಮ್ಮೂರಿಗೆ ಅಕೇಶಿಯಾ ಬೇಡ’ ಎಂದು ಜಿಲ್ಲೆಯ ಜನ ಹೋರಾಡಿದರೂ, 20 ಸಾವಿರ ಹೆಕ್ಟೇರಿಗೂ ಮಿಕ್ಕಿದ ನೆಲದ ಗುತ್ತಿಗೆಯನ್ನು ಸರ್ಕಾರವು ಮತ್ತೆ ನಲವತ್ತು ವರ್ಷ ವಿಸ್ತರಿಸಿತು. ಯಂತ್ರ ನಿಂತ ಗಿರಣಿಗೆ ದೊರೆತ ಈ ಔದಾರ್ಯದ ಶತಾಂಶವಾದರೂ ಉಳುವವನಿಗೆ ದೊರೆತಿಲ್ಲವೆಂಬುದು ನನ್ನ ಆಕ್ಷೇಪ.

ಸಂತ್ರಸ್ತರ ನೆರಳಿನಲ್ಲಿ ಕಾನು ಕಡಿದು ಅಡಿಕೆ ತೋಟ ಮಾಡಿಕೊಂಡ ಬಲಾಢ್ಯರೂ ಉಂಟು. ಅವರನ್ನು ನಿರ್ದಾಕ್ಷಿಣ್ಯವಾಗಿ ತೆರವುಗೊಳಿಸಬೇಕು. ಗುತ್ತಿಗೆಯ ಪರವಾಗಿ ಭದ್ರಾವತಿಯ ಕಾರ್ಮಿಕರ ಅನ್ನದ ಮಾತನ್ನೆತ್ತುವವರಿದ್ದಾರೆ. ಆ ಕುಟುಂಬಗಳ ಸಂಕಟ ನಿಜವಾದದ್ದೇ. ಆದರೆ ಮುಚ್ಚಿದ ಗಿರಣಿಯ ಹೆಸರಿನಲ್ಲಿ ಅಕೇಶಿಯಾ ಬೆಳೆದ ಮಾತ್ರಕ್ಕೆ ಅವರಿಗೆ ಕೂಲಿ ಹುಟ್ಟುವುದಿಲ್ಲ.

ಆದುದರಿಂದ ಗುತ್ತಿಗೆಯನ್ನು ರದ್ದುಪಡಿಸಿ, ಆ ನೆಲದಲ್ಲಿ ಹೊನ್ನೆ, ಮತ್ತಿ, ನಂದಿಗಳು ತಾವಾಗಿ ಏಳುವಂತೆ ಬಿಡಬೇಕು. ಅದರ ಮೇಲ್ವಿಚಾರಣೆಯಲ್ಲಿ ಸುತ್ತಣ ಗ್ರಾಮಸಭೆಗಳಿಗೆ ನಿರ್ಣಾಯಕ ಅಧಿಕಾರವಿರಬೇಕು. ಅಣೆಕಟ್ಟೆಗಾಗಿ ಎಬ್ಬಿಸಲ್ಪಟ್ಟವರನ್ನು 75 ವರ್ಷಗಳ ನಿಬಂಧನೆಯಿಂದ ಸಂಸತ್ತು ಹೊರಗಿಡಬೇಕು.