ಕಲಿತುದನ್ನು ಮರೆಯುವ ಕೂಸು

ಘಟಪ್ರಭೆಯ ಸೀಮೆಯ ಮಸಗುಪ್ಪಿಯಲ್ಲಿ ಹಿತ್ತಿಲ ತಿಪ್ಪೆಯನ್ನು ಯಾರೂ ಹಗುರಾಗಿ ಕಾಣುವುದಿಲ್ಲ. ಸಗಣಿ, ಕಸಕಡ್ಡಿ, ಕಬ್ಬಿನ ರವದಿ ಎಲ್ಲವೂ ಅಲ್ಲಿ ಕೊಳೆತು, ಗೊಬ್ಬರವಾಗಿ ಹೊಲ ಸೇರುತ್ತವೆ. ಹಾಕಿದ್ದು ಕೊಳೆಯದೆಯೇ ಉಳಿದರೆ? ತಿಪ್ಪೆ ಬೆಳೆದು ಮನೆಯ ಬಾಗಿಲನ್ನೇ ಮುಚ್ಚೀತು.

ನಮ್ಮ ಜೀವಕೋಶಗಳಲ್ಲಿಯೂ ಇಂಥ ತಿಪ್ಪೆಗಳುಂಟು. ಬೆಲ್ಜಿಯಂ ದೇಶದ ಕ್ರಿಸ್ತಿಯಾನ್ ದ ದೂವ್ 1955ರಲ್ಲಿ ಅವುಗಳಿಗೆ ಲೈಸೋಸೋಮ್ ಎಂದು ಹೆಸರಿಟ್ಟರು. 1974ರಲ್ಲಿ ನೊಬೆಲ್ ಪಾರಿತೋಷಕ ಪಡೆದರು. ಸವೆದ ವಸ್ತುವನ್ನು ಕಿಣ್ವಗಳಿಂದ ಒಡೆದು ಮರಳಿ ಬಳಕೆಗೆ ಒದಗಿಸುವುದು ಅವುಗಳ ಕಾಯಕ. ಒಂದು ಕಿಣ್ವ ಹುಟ್ಟಿನಿಂದಲೇ ಇಲ್ಲವಾದರೆ, ಅದು ಒಡೆಯಬೇಕಾದುದು ಅಲ್ಲಿಯೇ ರಾಶಿಬೀಳುತ್ತದೆ.

ಟೇ-ಸ್ಯಾಕ್ಸ್ ಎಂಬ ವಿರಳ ಬೇನೆಯಲ್ಲಿ ಇಲ್ಲವಾಗುವುದು ಹೆಕ್ಸೋಸಮಿನಿಡೇಸ್-ಎ ಎಂಬ ಕಿಣ್ವವೆಂದು 1969ರಲ್ಲಿ ತಿಳಿದುಬಂತು. ಒಡೆಯದೆ ಉಳಿಯುವುದು ಗ್ಯಾಂಗ್ಲಿಯೋಸೈಡ್ ಎಂಬ ಕೊಬ್ಬು. ನರಕೋಶಗಳಲ್ಲಿಯೇ ಅದು ಹೇರಳವಾದುದರಿಂದ ಪೆಟ್ಟು ಮಿದುಳಿಗೇ ಬೀಳುತ್ತದೆ. ಕೋಶಗಳು ಉಬ್ಬಿ, ಕೆಲಸಗೆಟ್ಟು, ಕೊನೆಗೆ ಸಾಯುತ್ತವೆ.

ಕೂಸು ಮೊದಲ ಕೆಲವು ತಿಂಗಳು ಎಲ್ಲ ಕೂಸುಗಳಂತೆಯೇ ನಗುತ್ತದೆ, ಕತ್ತು ನಿಲ್ಲಿಸುತ್ತದೆ. ಆಮೇಲೆ ಸಣ್ಣ ಸದ್ದಿಗೂ ಬೆಚ್ಚಿಬೀಳುತ್ತದೆ. ಕೂಡಲು ಕಲಿತದ್ದು ವಾಲಿಬೀಳುತ್ತದೆ. ತಾಯಿಯ ಮುಖವನ್ನು ಕಣ್ಣು ಹಿಂಬಾಲಿಸದಾಗುತ್ತದೆ. ಕಣ್ಣಿನ ಒಳಪೊರೆಯಲ್ಲಿ ಕೆಂಪು ಚುಕ್ಕೆ ಮೂಡುವುದನ್ನು ವಾರನ್ ಟೇ 1881ರಲ್ಲಿಯೇ ಗುರುತಿಸಿದ್ದರು. ಇಂಥ ಮಕ್ಕಳಲ್ಲಿ ಹೆಚ್ಚಿನವು ಐದು ವರ್ಷ ತುಂಬುವುದನ್ನು ಕಾಣವು.

ಆಗ ಊರ ನಾಲಗೆ ತಾಯಿಯತ್ತ ತಿರುಗುತ್ತದೆ: ಗ್ರಹಣ ನೋಡಿದಳು, ಅವಳ ಕಾಲ್ಗುಣವೇ ಹಾಗೆ! ಇದು ಘೋರ ಅನ್ಯಾಯ. ತಂದೆತಾಯಿಯರಿಬ್ಬರಲ್ಲಿಯೂ ಒಂದೊಂದು ದೋಷವಂಶವಾಹಿ ಅಡಗಿರುತ್ತದೆ, ಅವರಿಗೆ ಬೇನೆಯಿಲ್ಲ. ಎರಡೂ ಕೂಡಿಬಂದ ಮಗುವಿಗೆ ಮಾತ್ರ ಬೇನೆ. ಪ್ರತಿ ಬಸಿರಿನಲ್ಲಿಯೂ ನಾಲ್ಕರಲ್ಲಿ ಒಂದು ಪಾಲು ಈ ಅಪಾಯವುಂಟು. ಅಕ್ಕನ ಮಗಳನ್ನೋ ಸೋದರತ್ತೆಯ ಮಗಳನ್ನೋ ತರುವ ವಾಡಿಕೆಯಲ್ಲಿ, ಒಬ್ಬ ಹಿರಿಯನ ದೋಷವೇ ಗಂಡಹೆಂಡಿರಿಬ್ಬರಿಗೂ ಇಳಿದುಬರುವ ಸಂಭವ ಹೆಚ್ಚು. ಹೊಣೆಯೆನ್ನುವುದಾದರೆ ಇಬ್ಬರದೂ ಸಮಪಾಲು. ತಪ್ಪು ಯಾರದೂ ಅಲ್ಲ.

ಇದನ್ನು ಗುಣಪಡಿಸುವ ಮದ್ದು ಇನ್ನೂ ಇಲ್ಲ. ಇದೇ ಬಳಗದ ಕೆಲವು ಬೇನೆಗಳಿಗೆ ಕಿಣ್ವವನ್ನು ರಕ್ತನಾಳದ ಮೂಲಕ ಏರಿಸುವುದುಂಟು. ಆದರೆ ಹಾಗೆ ಏರಿಸಿದ ಕಿಣ್ವ ರಕ್ತದಿಂದ ಮಿದುಳಿಗೆ ದಾಟದು. ತಡೆಯುವ ದಾರಿ ಮಾತ್ರ ಉಂಟು. ಅಮೆರಿಕದ ಯೆಹೂದಿ ಸಮಾಜದಲ್ಲಿ 1971ರಿಂದ ನಡೆದ ರಕ್ತಪರೀಕ್ಷೆಯಿಂದ ಈ ಬೇನೆಯ ಜನನಗಳು ನೂರಕ್ಕೆ ತೊಂಬತ್ತಕ್ಕೂ ಮಿಕ್ಕಿ ಇಳಿದವು. ಭಾರತ ಸರ್ಕಾರದ 2021ರ ವಿರಳ ರೋಗ ನೀತಿಯಲ್ಲಿ ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರಕ್ಕೂ ಸ್ಥಾನವಿದೆ.

ಕೂಸನ್ನು ಕಳೆದುಕೊಂಡ ಮನೆಯವರು ಮತ್ತೊಂದು ತೊಟ್ಟಿಲು ಕಟ್ಟುವ ಮೊದಲು ಗಂಡಹೆಂಡಿರಿಬ್ಬರ ರಕ್ತವನ್ನೂ ಪರೀಕ್ಷಿಸಲಿ. ಸೊಸೆಯನ್ನು ದೂರುವುದಕ್ಕಿಂತ ಅದು ಮೇಲು.