ಆಟದಂಗಡಿಯೂ ಆಟಗಾರರ ಅಪೇಕ್ಷೆಯೂ

ಬೆಳಕವಾಡಿಯಂತಹ ಗ್ರಾಮದ ಹುಡುಗರೂ ಈಗ ಆಟದ ಸಾಮಾನಿಗಾಗಿ ಮಳವಳ್ಳಿಯ ಪೇಟೆಗೆ ಹೋಗಬೇಕಾದುದಿಲ್ಲ. ಅಂಗಡಿಯೇ ಅವರ ಅಂಗೈಗೆ ಬಂದಿದೆ. ಮೊಬೈಲು ಫೋನಿನಲ್ಲಿರುವ ಗೂಗಲ್ ಪ್ಲೇ, ಅಮೆರಿಕದ ವಾಲ್ವ್ ಸಂಸ್ಥೆಯವರು 2003ರಲ್ಲಿ ಕಂಪ್ಯೂಟರುಗಳಿಗಾಗಿ ತೆರೆದ ಸ್ಟೀಮ್, ಇವೇ ಮೊದಲಾದುವು ವಿಡಿಯೋ ಆಟಗಳನ್ನು ಮಾರುವ ಅಂಗಡಿಗಳು. ಇವುಗಳಿಗೆ ಬಾಗಿಲಿಲ್ಲ, ತಕ್ಕಡಿಯಿಲ್ಲ, ಚೌಕಾಶಿಗೆ ಎದುರು ಕುಳಿತ ವರ್ತಕನೂ ಇಲ್ಲ; ತೆರುವ ಹಣ ಮಾತ್ರ ನಿಜವಾದುದು. ಆದುದರಿಂದ ಇಲ್ಲಿ ಕೊಳ್ಳುವವನು ಬಯಸುವುದೇನು, ಅವನಿಗೆ ದೊರೆಯುವುದೇನು ಎಂಬುದನ್ನು ಗೃಹಸ್ಥರು ಅರಿತಿರುವುದು ಅವಶ್ಯಕ.

ತರುಣರನ್ನು ವಿಚಾರಿಸಲಾಗಿ, ಅವರ ಬಯಕೆಗಳು ದುರಾಶೆಗಳಲ್ಲವೆಂದು ನಮಗೆ ತೋರಿತು. ಬೆಲೆಯು ರೂಪಾಯಿಯಲ್ಲಿ, ನಮ್ಮ ದೇಶದವರ ಶಕ್ತಿಗೆ ತಕ್ಕಂತಿರಬೇಕು. ಆಟವು ತಮ್ಮ ಯಂತ್ರದಲ್ಲಿ ನಡೆಯದಿದ್ದರೆ ಹಣವು ಹಿಂದಕ್ಕೆ ಬರಬೇಕು. ಕೊಂಡದ್ದು ತಮ್ಮದಾಗಿಯೇ ಉಳಿಯಬೇಕು. ಸಂತೆಯಲ್ಲಿ ಕುಡುಗೋಲು ಕೊಳ್ಳುವ ರೈತನು ಬಯಸುವುದೂ ಇದನ್ನೇ.

ಮೊದಲಿನ ಎರಡು ಬಹುಮಟ್ಟಿಗೆ ನೆರವೇರಿವೆ. ಸ್ಟೀಮಿನವರು 2015ರಲ್ಲಿ ರೂಪಾಯಿಯ ವ್ಯವಹಾರವನ್ನು ಆರಂಭಿಸಿದರು. ಕೊಂಡ 14 ದಿನಗಳೊಳಗೆ, ಆಡಿದ್ದು 2 ಗಂಟೆಗೆ ಮೀರದಿದ್ದರೆ, ಹಣವನ್ನು ಮರಳಿಸುವ ನಿಯಮವನ್ನೂ ಅದೇ ವರ್ಷ ಮಾಡಿದರು. ಗೂಗಲ್ ಪ್ಲೇಯಲ್ಲಿಯೂ 48 ಗಂಟೆಗಳೊಳಗೆ ಕೇಳಿಕೊಂಡರೆ ಹಣ ಹಿಂದಿರುಗುವುದುಂಟು.

ತೊಡಕಿರುವುದು ಮೂರನೆಯದರಲ್ಲಿ. ಸ್ವತ್ವ ಬೇರೆ, ಭೋಗ ಬೇರೆ ಎಂದು ನಮ್ಮ ಧರ್ಮಶಾಸ್ತ್ರಕಾರರು ವಿಂಗಡಿಸಿದ್ದಾರೆ. ಸ್ವತ್ವವುಳ್ಳವನು ವಸ್ತುವನ್ನು ಮಾರಬಹುದು, ದಾನ ಮಾಡಬಹುದು, ಮಕ್ಕಳಿಗೆ ಬಿಟ್ಟುಹೋಗಬಹುದು. ಭೋಗ ಮಾತ್ರವುಳ್ಳವನು ಒಡೆಯನು ಒಪ್ಪಿರುವವರೆಗೆ ಅನುಭವಿಸಬಹುದು. ಈ ಅಂಗಡಿಗಳು “ಕೊಳ್ಳಿರಿ” ಎಂದು ಬರೆದು ಸಾಮಾನ್ಯವಾಗಿ ಕೊಡುವುದು ಭೋಗವನ್ನೇ. ಫ್ರಾನ್ಸಿನ ಯುಬಿಸಾಫ್ಟ್ ಸಂಸ್ಥೆಯು 2014ರಲ್ಲಿ “ದಿ ಕ್ರೂ” ಎಂಬ ಆಟವನ್ನು ಹೊರಡಿಸಿತು. ಸಂಸ್ಥೆಯ ಯಂತ್ರಗಳೊಡನೆ ಸಂಪರ್ಕವಿಲ್ಲದೆ ಅದು ನಡೆಯುತ್ತಿರಲಿಲ್ಲ. 2024ರ ಮಾರ್ಚ್ 31ರಂದು ಅವರು ಆ ಯಂತ್ರಗಳನ್ನು ನಿಲ್ಲಿಸಿದರು. ಹಣ ತೆತ್ತವರ ಕೈಯಲ್ಲಿದ್ದ ಆಟವೂ ಅಂದೇ ನಿಂತಿತು. ನಮ್ಮಲ್ಲಿ 2020ರಲ್ಲಿ ಪಬ್ಜಿ ನಿಷೇಧಕ್ಕೊಳಗಾದುದನ್ನು ಹುಡುಗರು ಬಲ್ಲರು. ಆದರೆ ಅದು ಸರ್ಕಾರದ ಆಜ್ಞೆ. ಇಲ್ಲಿ ಮಾರಿದವನೇ ಮಾರಿದ್ದನ್ನು ಕೆಡಿಸಿದನು.

ಇದರೊಡನೆ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರನ್ನು (1794–1868) ಸ್ಮರಿಸುವುದು ಅನುಚಿತವಲ್ಲ. ಅವರ ಶ್ರೀತತ್ತ್ವನಿಧಿಯ ಕೌತುಕನಿಧಿಯೆಂಬ ಭಾಗವು ಆಟಗಳಿಗೇ ಮೀಸಲಾದುದು. ಅರಸರು ಹೋದರೂ ಆಟಗಳ ವಿವರ ಉಳಿದಿದೆ. ಅಜ್ಜಿಯ ಅಳಿಗುಳಿಮಣೆಯಾದರೋ ಮೊಮ್ಮಗಳ ಕೈಗೆ ಬಂದಾಗ ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ.

ಪ್ರತೀಕಾರವೇ ಇಲ್ಲವೆಂದಲ್ಲ. 2008ರಲ್ಲಿ ಪೋಲೆಂಡಿನವರು ಆರಂಭಿಸಿದ ಜಿಒಜಿ ಎಂಬ ಅಂಗಡಿಯಲ್ಲಿ ಕೊಂಡ ಆಟವನ್ನು ಬೀಗಮುದ್ರೆಯಿಲ್ಲದೆ ನಮ್ಮ ಯಂತ್ರದಲ್ಲಿಯೇ ಇರಿಸಿಕೊಳ್ಳಬಹುದು. ಕ್ಯಾಲಿಫೋರ್ನಿಯಾ ಸಂಸ್ಥಾನದಲ್ಲಿ 2025ರಿಂದ ಜಾರಿಗೆ ಬಂದ ಕಾನೂನಿನ ಪ್ರಕಾರ, ಬರಿಯ ಅನುಮತಿಯನ್ನು ಮಾರುವವನು ಅದನ್ನು ಸ್ಪಷ್ಟವಾಗಿ ತಿಳಿಸತಕ್ಕದ್ದು. ಮಾರಿದ ಆಟಗಳನ್ನು ಕೊಲ್ಲಬಾರದೆಂಬ ಮನವಿಗೆ ಯೂರೋಪಿನಲ್ಲಿ 10 ಲಕ್ಷಕ್ಕೂ ಮಿಕ್ಕಿದ ಜನರು ಸಹಿಮಾಡಿದ್ದಾರೆ. ಆಟವನ್ನು ಎಂದೆಂದಿಗೂ ನಡೆಸುತ್ತಿರಬೇಕೆಂಬುದು ಅವರ ಹಟವಲ್ಲ. ಸಂಸ್ಥೆಯು ಕೈಬಿಡುವಾಗ ಕೊಂಡವನು ಆಡುವಂತೆ ಬಿಟ್ಟುಹೋಗಲಿ ಎಂಬಷ್ಟೇ ಪ್ರಾರ್ಥನೆ.

ಮನೆಯ ಹಿರಿಯರಿಗೆ ನಮ್ಮ ಸೂಚನೆ ಇಷ್ಟು. ಪ್ರತಿಯೊಂದು ಖರೀದಿಗೂ ಗುಪ್ತಪದವನ್ನು ಕೇಳುವಂತೆ ಫೋನನ್ನು ಅಳವಡಿಸಿಡಿರಿ; ಹಣದ ಗುಪ್ತಸಂಖ್ಯೆಯನ್ನು ಮಕ್ಕಳಿಗೆ ಹೇಳದಿರಿ. ಮಗನು ಆಟವೊಂದನ್ನು ಬೇಡಿದಾಗ “ಆಟವೇಕೆ?” ಎಂದು ಗದರುವುದಕ್ಕಿಂತ, “ಇದು ಅಂತರ್ಜಾಲವಿಲ್ಲದೆ ನಡೆಯುವುದೇ? ಹಿಡಿಸದಿದ್ದರೆ ಹಣ ಬರುವುದೇ? ನಾಳೆ ಅಂಗಡಿ ಮುಚ್ಚಿದರೆ ಉಳಿಯುವುದೇನು?” ಎಂದು ಕೇಳಿರಿ. ಉತ್ತರವನ್ನು ಅವನೇ ಹುಡುಕಿ ತರಲಿ. ಬೆಲೆಯನ್ನು ಆ ಬಳಿಕ ಮಾತನಾಡಬಹುದು.